ಬದು ಬಾಗಿದ ಕಡೆ

ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಮಲ್ಕಾ ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿಯ ಕಾಳನ್ನು ಹೆಕ್ಕಿ ಹೆಕ್ಕಿ ಆಚೆ ಎಸೆಯುತ್ತಿದ್ದಳು. ಕೋಳಿ ಓಡಿಬಂದು ತಿನ್ನತೊಡಗಿದ ಮೇಲೆ ಅವಳಿಗೆ ಅದು ಗೊತ್ತಾದದ್ದು. ಥಟ್ಟನೆ ತಿರುಗಿ ನೋಡಿದಳು. ಅಮ್ಮ ಒಳಗೆ ಒಲೆಯ ಮುಂದಿದ್ದಳು. ಅಬ್ಬಾ ಬಚ್ಚಲ ಹತ್ತಿರ ಒಡೆದ ಕನ್ನಡಿಯನ್ನು ಗೋಡೆಗೆ ಒರಗಿಸಿ ಗಡ್ಡದ ಅಂಚು ಸರಿಮಾಡಿಕೊಳ್ಳುತ್ತಿದ್ದ. ಯಾರೂ ನೋಡಿರಲಿಲ್ಲ. ಮೊದಲಾದರೆ ಅಷ್ಟೇ ಸಾಕಾಗುತ್ತಿತ್ತು ಅವಳಿಗೆ. ಯಾರೂ ನೋಡದಿದ್ದರೆ ನಡೆಯಲೇ ಇಲ್ಲ ಎಂದುಕೊಂಡು ಬದುಕುವ ಅಭ್ಯಾಸ ಚಿಕ್ಕಂದಿನಿಂದ ಇತ್ತು. ಆದರೆ ಒಂದೂವರೆ ತಿಂಗಳಿಂದ ಆ ಅಭ್ಯಾಸ ಕೆಲಸಕ್ಕೆ ಬರುತ್ತಿರಲಿಲ್ಲ. ಯಾರೂ ನೋಡದಿದ್ದದ್ದೇ ಎದೆಯ ಮೇಲೆ ಕೂತಿತ್ತು. ಹೆಸರಘಟ್ಟದ ಕಡೆಯ ಆಕಾಶ ಬೆಳಿಗ್ಗೆ ಒಂಬತ್ತಕ್ಕೇ ಬಾಣಲೆಯ ತಳದ ಬಣ್ಣಕ್ಕೆ ತಿರುಗಿತ್ತು. ಗಾಳಿ ಇರಲಿಲ್ಲ. ಬೇವಿನ ಎಲೆ ಒಂದೂ ಅಲ್ಲಾಡುತ್ತಿರಲಿಲ್ಲ. ಇವತ್ತು ಸುರಿಯುತ್ತದೆ ಎಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು.

ಮನೆ ದಿಣ್ಣೆಯ ಮೇಲಿತ್ತು. ಅಂಗಳದಿಂದ ನೋಡಿದರೆ ಹೊಲ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಮೊದಲು ತಮ್ಮ ಎರಡು ಎಕರೆ, ಅದರ ಕೆಳಗೆ ಲಕ್ಕಣ್ಣನದು, ಆಮೇಲೆ ಬೇರೆಯವರದು, ಕೊನೆಗೆ ಹಳ್ಳ. ತಮ್ಮ ಹೊಲವನ್ನು ಅಡ್ಡಕ್ಕೆ ಸೀಳಿದ ಹಾಗೆ ಈಗ ಒಂದು ಹೊಸ ಬದು ಮಲಗಿತ್ತು. ಸೊಂಟಕ್ಕಿಂತ ತುಸು ಕಡಿಮೆ ಎತ್ತರ, ಕೆಂಪು ಮಣ್ಣು. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗಬಾರದು, ನೀರು ಅಲ್ಲಲ್ಲೇ ನಿಂತು ಇಂಗಬೇಕು ಅಂತ ಸರ್ಕಾರ ಸಣ್ಣ ರೈತರಿಗೆ ಹಾಕಿಸಿಕೊಟ್ಟದ್ದು. ಸೋಲದೇವನಹಳ್ಳಿಯ ಈ ಇಳಿಜಾರಿನಲ್ಲಿ ಹನ್ನೊಂದು ಮನೆಯವರ ಹೊಲಕ್ಕೆ ಇಂಥ ಬದು ಬಂದಿತ್ತು. ಹನ್ನೊಂದು ಜನವೂ ಹೆಬ್ಬೆಟ್ಟು ಒತ್ತಿದರೆ ಮಾತ್ರ ಯೋಜನೆ, ಒಬ್ಬ ತಕರಾರು ತೆಗೆದರೆ ಯಾರಿಗೂ ಇಲ್ಲ ಎಂದು ಮೊದಲೇ ಹೇಳಿದ್ದರು. ಬದು ಬಂಡಿ ಜಾಡಿನ ಹತ್ತಿರ ಶುರುವಾಗಿ ನೆಟ್ಟಗೆ ಬಂದು, ಸೀತಾಫಲದ ಗಿಡ ಹತ್ತಿರವಾಗುತ್ತಲೇ ಇದ್ದಕ್ಕಿದ್ದ ಹಾಗೆ ಕೆಳಕ್ಕೆ ಬಾಗಿ, ಗಿಡವನ್ನು ಬಳಸಿ, ಮತ್ತೆ ಮೇಲೇರಿ ಮುಂದಕ್ಕೆ ಹೋಗಿತ್ತು. ಬಾಗಿದ ಕಡೆ ನೇರ ಕೆಳಗೆ ಲಕ್ಕಣ್ಣನ ಹುಣಸೆ ಮರ. ಮರದಡಿ ಹದಿನೈದು ದಿನದ ಹಿಂದೆ ಹಾಕಿದ ಹೊಸ ಗುಡಿಸಲು. ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಬಾಣಂತಿಗೆ ನೀರು ಕಾಯಿಸುತ್ತಿದ್ದಾರೆ ಎಂದುಕೊಂಡಳು ಮಲ್ಕಾ. ಮೊರ ಕೆಳಗಿಟ್ಟಳು.

"ಇವತ್ತು ಸಾಹೇಬ್ರು ಬಂದು ಕೊನೇ ಅಳತೆ ಮಾಡ್ತಾರೆ" ಎಂದು ಅಬ್ಬಾ ಒಳಗೆ ಅಮ್ಮನಿಗೆ ಹೇಳುತ್ತಿದ್ದ. ಅವರ ಮಾತು ಮನೆಯ ಉರ್ದುವಿನಲ್ಲಿ, ಮೆಲ್ಲಗೆ. "ಅಳತೆ ಸರಿ ಅಂತ ಬರೆದ್ರೆ ಮುಂದಿನ ತಿಂಗ್ಳು ಎಲ್ರಿಗೂ ಬಿತ್ತನೆ ರಾಗಿ, ಗೊಬ್ಬರ. ಒಂದು ನೋಡು ಖುರ್ಷೀದ್, ದುರ್ಬೀನು ಹಿಡಿದಿದ್ದು ಸಾಹೇಬ್ರು, ಆದ್ರೆ ಅದರೊಳಗಿನಿಂದ ನೋಡಿದ್ದು ಮೇಲಿನವನು. ಇಲ್ದಿದ್ರೆ ಅಷ್ಟು ಸರಿಯಾಗಿ ಬಳಸಿಕೊಂಡು ಹೋಗುತ್ತಾ?" ಅಮ್ಮ ಆ ವಿಷಯಕ್ಕೆ ಯಾವತ್ತೂ ಏನೂ ಹೇಳಿದವಳಲ್ಲ. ಆದರೆ ಬದು ಮುಗಿದ ದಿನದಿಂದ ಸಂಜೆ ಹೊತ್ತು ಹುಲ್ಲು ಕೊಯ್ಯುವ ನೆವದಲ್ಲಿ ಸೀತಾಫಲದ ಗಿಡದವರೆಗೆ ಹೋಗಿ ಬರುತ್ತಿದ್ದಳು. ಬಂದವಳ ಮುಖದಲ್ಲಿ ಜ್ವರ ಬಿಟ್ಟವರ ಬೆವರಿನಂಥದು ಏನೋ ಇರುತ್ತಿತ್ತು. ದೇವರು ಮಾಡಿದ್ದು ಎಂದು ಅವರಿಬ್ಬರೂ ನಂಬಿರುವಾಗ, ಅಲ್ಲ, ನಾನು ಮಾಡಿದ್ದು ಎಂದು ಹೇಗೆ ಹೇಳುವುದು? ದೇವರ ಹೆಸರಿನಲ್ಲಿ ತಾನು ಕಳ್ಳತನ ಮಾಡಿದ ಹಾಗೆ ಮಲ್ಕಾಳಿಗೆ ಅನ್ನಿಸುತ್ತಿತ್ತು.

ಒಂದೂವರೆ ತಿಂಗಳ ಹಿಂದೆ, ಬದುವಿನ ಗುರುತು ಹಾಕಿದ ದಿನ, ಅವಳನ್ನು ಕರೆದದ್ದೇ ಒಂದು ತಮಾಷೆಯಾಗಿ. ಕೋಲು ಹಿಡಿಯುವವನಿಗೆ ಜ್ವರ ಬಂದಿತ್ತು. ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿಕೊಂಡು, ಟೋಪಿ ಹಾಕಿದ್ದ ಶೇಖರಪ್ಪ ಸಾಹೇಬರು, ನೆಟ್ಟಗೆ ನಿಲ್ಲೋರು ಯಾರಾದ್ರೂ ಸಿಗ್ತಾರಾ ಎಂದು ಕೇಳಿದಾಗ ಲಕ್ಕಣ್ಣ, "ಬಾಷಾ ಸಾಬ್ರ ಮಗಳ್ನ ಕರೀರಿ ಸಾ. ಏಳ್ನೇ ಕ್ಲಾಸಿಗೆ ಸ್ಕೂಲ್ ಬಿಟ್ರೂ ನಂಬರು ಗೊತ್ತೈತೆ. ಬಾಯಂತೂ ಇಲ್ವೇ ಇಲ್ಲ. ಕೋಲಿಗೂ ಆವಮ್ಮಂಗೂ ಏನೂ ಯತ್ಯಾಸ ಇಲ್ಲ" ಎಂದಿದ್ದ. ಎಲ್ಲರೂ ನಕ್ಕರು, ಅಬ್ಬಾನೂ ನಕ್ಕ. ಕೆಂಪು ಕಪ್ಪು ಗೆರೆಯ ಎತ್ತರದ ಕೋಲನ್ನು ಅವಳ ಕೈಗೆ ಕೊಟ್ಟರು. ಕೆಲಸ ಸುಲಭ. ಅವಳು ಇಳಿಜಾರಿನಲ್ಲಿ ಒಂದು ಕಡೆ ಕೋಲು ಊರಿ ನಿಲ್ಲಬೇಕು. ಸಾಹೇಬರು ದುರ್ಬೀನಿನಲ್ಲಿ ಕೋಲಿನ ನಂಬರು ನೋಡಿ, ಮೇಲಕ್ಕೆ ಹೋಗು, ಕೆಳಕ್ಕೆ ಬಾ ಎಂದು ಕೈಬೀಸುತ್ತಾರೆ. ಬೇಕಾದ ನಂಬರು ಸಿಕ್ಕ ಕಡೆ ಮುಷ್ಟಿ ಕುಟ್ಟಿ ತೋರಿಸುತ್ತಾರೆ. ಅಲ್ಲಿ ಸಾಹೇಬರ ಆಳು ಮುನಿವೆಂಕಟಯ್ಯ ಗೂಟ ಹೊಡೆಯುತ್ತಾನೆ. ಗೂಟದಿಂದ ಗೂಟಕ್ಕೆ ಸುಣ್ಣದ ಪುಡಿ ಚೆಲ್ಲಿದರೆ ಅದೇ ಬದುವಿನ ದಾರಿ. ಎಲ್ಲ ಗೂಟವೂ ಒಂದೇ ಮಟ್ಟದಲ್ಲಿದ್ದರೆ ನೀರು ಬದುವಿನುದ್ದಕ್ಕೂ ಸಮನಾಗಿ ನಿಲ್ಲುತ್ತದೆ. ಒಂದು ಕಡೆ ತಗ್ಗಾದರೆ ಎಲ್ಲ ನೀರೂ ಅಲ್ಲಿಗೇ ಬರುತ್ತದೆ. ಇದನ್ನು ಸಾಹೇಬರೇ ಎಲ್ಲರಿಗೂ ವಿವರಿಸಿದರು. ಆಮೇಲೆ ಅವಳಿಗೆ, "ಇದರಲ್ಲಿ ನೀನು ತಲೆಕೆಳಗಾಗಿ ಕಾಣ್ತೀಯಮ್ಮ, ಗೊತ್ತಾ?" ಎಂದರು. ಆ ದುರ್ಬೀನು ಹಾಗೆಯೇ ತೋರಿಸುವುದಂತೆ. ಆ ಮಾತು ಅವಳಿಗೆ ಅಂಟಿಕೊಂಡಿತು. ಪ್ರತಿ ಸಲ ಕೋಲು ಊರಿದಾಗಲೂ ಅಷ್ಟು ದೂರದಲ್ಲಿ ಒಬ್ಬ ಗಂಡಸಿನ ಕಣ್ಣೊಳಗೆ ತಾನು ಪಾದ ಮೇಲಾಗಿ ಬಾವಲಿಯ ಹಾಗೆ ಜೋತುಬಿದ್ದಿದ್ದೇನೆ ಎನ್ನಿಸಿ ಲಂಗವನ್ನು ಮೊಣಕಾಲಿಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು.

ಸೀತಾಫಲದ ಗಿಡದ ಹತ್ತಿರ ಬಂದಾಗ ಸಾಹೇಬರು ದುರ್ಬೀನು ಬಿಟ್ಟು ಬಂದು ನೋಡಿದ್ದರು. ಗಿಡದ ಕೆಳಗೆ ಎರಡು ಮಂಚದಷ್ಟು ಜಾಗ ಉಳದೆ ಹಾಗೇ ಬಿಟ್ಟಿತ್ತು. "ಇಲ್ಯಾಕ್ರೀ ಉಳೋದಿಲ್ಲ?" ಎಂದರು. "ಬಂಡೆ ಐತೆ ಸಾರ್" ಎಂದ ಅಬ್ಬಾ. ಹನ್ನೆರಡು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿದ್ದ. ನೇಗಿಲು ಅಲ್ಲಿಗೆ ಬಂದ ತಕ್ಷಣ ಮೇಲಕ್ಕೆತ್ತಿ, ಎತ್ತುಗಳನ್ನು ಸುತ್ತು ಹಾಕಿಸಿ, ಆಚೆ ಊರುತ್ತಿದ್ದ. "ಬಂಡೆ ಇದ್ರೆ ಲೈನು ಬೇರೆ ಕಡೆಗೆ ತಗೋಬೌದು, ನೋಡೋಣ" ಎಂದು ಸಾಹೇಬರು ಮುನಿವೆಂಕಟಯ್ಯನಿಗೆ ಸನ್ನೆ ಮಾಡಿದರು. ಅವನು ಹಾರೆ ಎತ್ತಿ ಕುಕ್ಕಿದ. ಹಾರೆ ಸರಕ್ಕನೆ ಅರ್ಧದವರೆಗೆ ಇಳಿಯಿತು. ಇನ್ನೊಂದು ಕಡೆ ಕುಕ್ಕಿದ. ಅಲ್ಲೂ ಇಳಿಯಿತು. "ಎಲ್ಲೈತೆ ಸಾಬ್ರೆ ಬಂಡೆ? ಬೆಣ್ಣೆ ಐತೆ, ಬೆಣ್ಣೆ!" ಎಂದು ಮುನಿವೆಂಕಟಯ್ಯ ಹಾರೆಯನ್ನು ಕಿತ್ತು ತುದಿಯ ಮಣ್ಣನ್ನು ಬೆರಳಲ್ಲಿ ಒರೆಸಿ ತೋರಿಸಿದ. ಎಲ್ಲರೂ ಅಬ್ಬಾನ ಕಡೆ ನೋಡಿದರು. ಅಬ್ಬಾ ನಕ್ಕ. ಮಲ್ಕಾ ಆ ನಗುವನ್ನು ನೋಡಬಾರದಿತ್ತು. ಏಟು ತಿಂದವನು ಏಟು ಕೊಟ್ಟವನಿಗೆ ಬೇಜಾರಾಗದಿರಲಿ ಎಂದು ನಗುವ ನಗು ಅದು. ಮೇಲೆ, ಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. "ಸುಮ್ನೆ ಸೋಮಾರಿತನ ಕಣ್ರೀ ನಿಮ್ದು. ಲೈನು ಇಲ್ಲೇ ಹೋಗತ್ತೆ. ಮಣ್ಣು ತೆಗೆಯೋ ಗುಂಡಿ ಈ ಮೇಲ್ಗಡೆ ಬರತ್ತೆ, ಒಳ್ಳೆ ಮೆತ್ತನೆ ಮಣ್ಣಿದೆ" ಎಂದು ಸಾಹೇಬರು ದುರ್ಬೀನಿಗೆ ವಾಪಸ್ಸು ಹೋದರು.

ಮೆತ್ತನೆ ಮಣ್ಣು. ಎರಡನೆಯದಕ್ಕೆ ತಾಮ್ರದ ಚೊಂಬಿನಲ್ಲಿ ನೀರು ಹಿಡಿದುಕೊಂಡು ಅಬ್ಬಾನ ಹಿಂದೆ ನಡೆದವಳು ಅವಳೇ. ಒಂಬತ್ತು ವರ್ಷ ಆಗ. ಬೆಳಗಾಗುತ್ತಿತ್ತು, ಹುಲ್ಲು ಒದ್ದೆಯಿತ್ತು. ಅಬ್ಬಾನ ಕೈಯಲ್ಲಿದ್ದ ಬಿಳಿ ಗಂಟು ಎರಡು ಸೇರು ಹಿಟ್ಟಿನಷ್ಟೂ ಇರಲಿಲ್ಲ. ಅಮ್ಮನ ಹೊಟ್ಟೆಯಿಂದ ಉಸಿರಿಲ್ಲದೆ ಬಂದ ಕೂಸಿಗೆ ಹೆಸರಿಡಲಿಲ್ಲ, ಕಲ್ಲು ನೆಡಲಿಲ್ಲ. ಯಲಹಂಕದ ಸ್ಮಶಾನಕ್ಕೆ ಒಯ್ದರೆ ಖುರ್ಷೀದ್ ನೋಡಲಾರಳು, ಇಲ್ಲಾದರೆ ಬಾಗಿಲಲ್ಲಿ ನಿಂತರೆ ಕಾಣುತ್ತದೆ ಎಂದು ಅಬ್ಬಾ ತನ್ನಷ್ಟಕ್ಕೇ ಹೇಳಿಕೊಂಡಿದ್ದ. ಮೂರನೆಯದಾದ ಮೇಲೆ ಅಮ್ಮ ಆರು ತಿಂಗಳು ಹಾಸಿಗೆಯಿಂದ ಏಳಲಿಲ್ಲ. ಮಲ್ಕಾ ಸ್ಕೂಲು ಬಿಟ್ಟದ್ದು ಆಗ. ಯಾರಿಗೂ ಹೇಳಬೇಡ ಎಂದು ಅಬ್ಬಾ ಹೇಳಿದ್ದು ಒಂದೇ ಸಲ. ಗೋರಿ ಅಂತ ಒಂದು ಮಾತು ಊರಲ್ಲಿ ಬಿದ್ದರೆ, ನಾಳೆ ಸಾಬರು ಹೊಲವನ್ನೇ ಗೋರಿ ಜಾಗ ಅಂತ ಬರೆಸಿಕೊಳ್ಳುತ್ತಾರೆ ಅನ್ನುವವರಿದ್ದಾರೆ, ಅದು ಎಲ್ಲೆಲ್ಲಿಗೋ ಹೋಗುತ್ತದೆ. ಅವಳು ಹೇಳಲಿಲ್ಲ. ಹೇಳದೆ ಇರುವುದು ಅವಳಿಗೆ ಕಷ್ಟದ ಕೆಲಸವಾಗಿರಲಿಲ್ಲ.

ಹಾಗಾಗಿ ಅವತ್ತೂ ಏನೂ ಹೇಳಲಿಲ್ಲ. ಉಳದ ಜಾಗದಿಂದ ಹತ್ತು ಹೆಜ್ಜೆ ಕೆಳಕ್ಕೆ ಹೋದಳು. ಕೋಲನ್ನು ನೆಲಕ್ಕೆ ಊರದೆ ತನ್ನ ಎಡಪಾದದ ಮೇಲೆ ಊರಿದಳು. ಲಂಗ ಇಳಿಬಿಟ್ಟಳು. ಸಾಹೇಬರ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತು, ಆಮೇಲೆ ಮುಷ್ಟಿಯಾಗಿ ಕೆಳಕ್ಕೆ ಕುಟ್ಟಿತು. ಮುನಿವೆಂಕಟಯ್ಯ ಕಾಣುವಷ್ಟರಲ್ಲಿ ಕೋಲನ್ನು ಪಾದದಿಂದ ಇಳಿಸಿದ್ದಳು. ಗೂಟ ಬಿತ್ತು. ಮುಂದಿನ ಗೂಟಕ್ಕೆ ಇನ್ನೂ ಕೆಳಕ್ಕೆ ಹೋಗಬೇಕಿತ್ತು. ಅಲ್ಲಿ ಒಂದು ಒಣ ಹೆಂಟೆಯ ಮೇಲೆ ಪಾದ ಇಟ್ಟು, ಪಾದದ ಮೇಲೆ ಕೋಲು ಇಟ್ಟಳು. ಒಟ್ಟು ಮುಕ್ಕಾಲು ಗೇಣು. ಅದರ ಮುಂದಿನದಕ್ಕೆ ಮತ್ತೆ ಬರೀ ಪಾದ. ಕೋಲಿನ ಕಬ್ಬಿಣದ ತಳ ಮೂಳೆಯ ಮೇಲೆ ಕೂತು ಕಣ್ಣಲ್ಲಿ ನೀರು ಬಂತು. ಆ ನೋವಿನಲ್ಲಿ ಅವಳಿಗೆ ಜೀವಮಾನದಲ್ಲಿ ಮೊದಲ ಸಲ, ತಾನೂ ಒಂದು ಕೆಲಸ ಮಾಡಿದೆ ಎನ್ನುವ ಹೆಮ್ಮೆ ಆಯಿತು. ಅವತ್ತು ಹುಣಸೆ ಮರದಡಿ ಗುಡಿಸಲು ಇರಲಿಲ್ಲ. ಯಾವ ಕಾಲಕ್ಕೂ ಇರಲಿಲ್ಲ. ಪ್ರತಿ ಮಳೆಗಾಲ ನೀರು ಅಲ್ಲಿಂದಲೇ ಹರಿದು ಹಳ್ಳಕ್ಕೆ ಹೋಗುತ್ತಿತ್ತು, ಅಲ್ಲಿ ಯಾರೂ ಒಂದು ದನ ಕೂಡ ಕಟ್ಟುತ್ತಿರಲಿಲ್ಲ. ಸರ್ಕಾರದ ಬದು ಬಂದಮೇಲೆ, ಊರೊಳಗಿನ ಮನೆಯ ಸೂರು ಕಿತ್ತು ಹೆಂಚು ಹಾಕಿಸಲು ಹೊರಟ ಲಕ್ಕಣ್ಣ, ಇನ್ನೇನು ಭಯ ಎಂದು ಹೆಂಡತಿ, ಹೆರಿಗೆಗೆ ಬಂದ ಮಗಳು, ಮೊಮ್ಮಗು ಎಲ್ಲರನ್ನೂ ಅಲ್ಲಿಗೆ ತಂದು ಇಳಿಸಿದ್ದ.

ಹನ್ನೆರಡು ಗಂಟೆಗೆ ಸಾಹೇಬರು ಬಂದರು. ಟೇಪು ಹಿಡಿದು ಬದುವಿನ ಅಗಲ, ಎತ್ತರ ನೋಡಿದರು, ಉದ್ದ ನೋಡಿದರು. ಮಟ್ಟ ನೋಡಲಿಲ್ಲ. ಮಟ್ಟ ಆಗಲೇ ನೋಡಿ ಆಗಿತ್ತು. ಅಂಗಳದಲ್ಲಿ ಚಾಪೆ ಹಾಸಿ ಹನ್ನೊಂದು ಜನ ಕೂತು ಹೆಬ್ಬೆಟ್ಟು ಒತ್ತಿದರು. ಬದು ಅಲ್ಲೊಂದು ಕಡೆ ಬಸುರಿ ಹೊಟ್ಟೆ ಬಂದಂಗೆ ಬಂದೈತಲ್ಲ ಸಾ ಎಂದು ಯಾರೋ ಕೇಳಿದರು. "ನೆಲ ಹೆಂಗಿರತ್ತೋ ಬದು ಹಂಗೇ ಹೋಗ್ಬೇಕು ಕಣಯ್ಯ. ನಿನ್ ಇಷ್ಟಕ್ಕೆ ನೆಟ್ಟಗೆ ಹಾಕಕ್ಕೆ ಇದೇನು ತುಮಕೂರು ರೋಡಾ?" ಎಂದರು ಸಾಹೇಬರು. ನಗು. ಮಲ್ಕಾ ಟೀ ಲೋಟಗಳ ತಟ್ಟೆ ಹಿಡಿದು ಬಂದಳು. ಅವರ ಮುಂದೆ ನಿಂತಾಗ, ಈಗ, ಎಂದುಕೊಂಡಳು. ಸರಿಯಿಲ್ಲ ಸಾರ್, ಇನ್ನೊಂದು ಸಲ ದುರ್ಬೀನು ಇಟ್ಟು ನೋಡಿ. ಅಷ್ಟೇ ಸಾಕು, ಯಾಕೆ ಎಂದು ಹೇಳಬೇಕಾಗಿಲ್ಲ. "ಸಾರ್" ಎಂದಳು. ದನಿ ತನ್ನದಲ್ಲವೆನ್ನುವ ಹಾಗೆ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಅವಳು ಮಾತಾಡಿದ್ದೇ ಒಂದು ಸುದ್ದಿ. ಸಾಹೇಬರು ತಲೆಯೆತ್ತಿ, "ಏನಮ್ಮ, ಸರ್ಕಾರಿ ಕೆಲಸ ಬೇಕಾ? ಕೋಲು ಚೆನ್ನಾಗಿ ಹಿಡೀತೀಯ. ಪರ್ಮನೆಂಟ್ ಮಾಡಿಸ್ಬಿಡ್ಲಾ?" ಎಂದರು. ಎಲ್ಲರೂ ಹೋ ಎಂದು ನಕ್ಕರು. "ಮದ್ವೆ ಮಾಡ್ಸಿ ಸಾ ಮೊದ್ಲು, ಕೆಲ್ಸ ಆಮ್ಯಾಕೆ" ಎಂದ ಲಕ್ಕಣ್ಣ. ಮಲ್ಕಾ ತಟ್ಟೆಯನ್ನು ಚಾಪೆಯ ಮೇಲಿಟ್ಟು ತಿರುಗಿದಳು. ನಾಚಿಕೆಗೆ ಎಂದು ಎಲ್ಲರೂ ತಿಳಿದರು. ಅವಳು ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹೊರಗೆ ಕಾಗದ ಮಡಚುವ ಸದ್ದು. ಜೀಪು ಹೋಯಿತು.

ಮೂರು ಗಂಟೆಯ ಹೊತ್ತಿಗೆ ಮೋಡ ಇಳಿದು ಮರಗಳ ತಲೆಗೆ ಹತ್ತಿರವಾಯಿತು. ಅಮ್ಮ ಕೊಟ್ಟಿದ್ದ ಒಂದು ಹಳೆಯ ಮೆತ್ತನೆ ಸೀರೆಯ ತುಂಡನ್ನು ಮಗುವಿಗೆಂದು ಮಡಚಿಕೊಂಡು ಮಲ್ಕಾ ಬದು ದಾಟಿ ಕೆಳಗಿಳಿದಳು. ಗುಡಿಸಲಿನಲ್ಲಿ ಸಾಂಬ್ರಾಣಿಯ ಹೊಗೆ. ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಸುತ್ತಿದ್ದ ಲಕ್ಕಣ್ಣನ ಮಗಳು ಸಿದ್ದಗಂಗಮ್ಮ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಮಲ್ಕಾ ಉತ್ತರ ಗೊತ್ತಿದ್ದರೂ ಹೇಳದೆ ಸ್ಲೇಟಿನ ಮೂಲೆಯಲ್ಲಿ ಬರೆದು ತೋರಿಸುತ್ತಿದ್ದಳು. ಸಿದ್ದಗಂಗಮ್ಮ ಅದನ್ನು ಗಟ್ಟಿಯಾಗಿ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದಳು. "ಬಾರೇ ಮಲ್ಕಾ, ಈಗ್ಲಾದ್ರೂ ಬಂದ್ಯಲ್ಲ. ನೋಡು, ಮೂಗು ಅವ್ರಪ್ಪಂದೇ, ಏನ್ ಮಾಡೋದು" ಎಂದಳು. ಇಪ್ಪತ್ತೆರಡು ದಿನದ ಮಗು ಮುಷ್ಟಿ ಬಿಗಿದು ಮಲಗಿತ್ತು. ಅದರ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಮಲ್ಕಾ ಅದನ್ನೇ ನೋಡುತ್ತಾ ನಿಂತಳು. ಏರಿದ ಮೇಲೆ ಇಳಿಯುವುದಕ್ಕೆ, ಇಳಿದ ಮೇಲೆ ಮತ್ತೆ ಏರುವುದಕ್ಕೆ ಪ್ರತಿ ಸಲ ಕಾದಳು.

"ಅತ್ತೆ, ಇವತ್ತು ಊರೊಳಗೆ ಹೋಗ್ಬಿಡಿ" ಎಂದಳು ಲಕ್ಕಣ್ಣನ ಹೆಂಡತಿ ಗೌರಮ್ಮನಿಗೆ, ಮಗುವಿನಿಂದ ಕಣ್ಣು ತೆಗೆಯದೆ. "ಮಳೆ ಜೋರು ಬರೋ ಹಂಗಿದೆ."

"ಅಯ್ಯೋ ಓಗು ಮಗ್ಳೆ. ಊರೊಳ್ಗೆ ಓಗಿ ಎಲ್ಲಿರಾನ? ಸೂರೇ ಇಲ್ಲ, ನಿಂತ್ಕಂಡ್ರೆ ಆಕಾಸ ಕಾಣ್ತದೆ. ಇಲ್ಲಿ ಮೇಲ್ಗಡೆ ನಿಮ್ ಬದು ಐತೆ. ಸಾಹೇಬ್ರೇ ಏಳವ್ರೆ, ಒಂದು ತೊಟ್ಟು ನೀರು ಇತ್ಲಾಗೆ ಬರಕಿಲ್ಲ ಅಂತ."

"ಬರತ್ತೆ" ಎಂದಳು ಮಲ್ಕಾ.

ಗೌರಮ್ಮನ ಮುಖ ಗಟ್ಟಿಯಾಯಿತು. "ಬಾಣಂತಿ ಮುಂದೆ ಅಂಥ ಮಾತು ಆಡ್ತಾರೇನೆ? ಬಾಯಿ ಬಿಡ್ದೋಳು ಬಾಯಿ ಬಿಟ್ರೆ ಇಂಗೇಯ" ಎಂದು ಮಗುವಿಗೆ ದೃಷ್ಟಿ ತೆಗೆಯಲು ಉಪ್ಪು ಹುಡುಕತೊಡಗಿದಳು. ಸಿದ್ದಗಂಗಮ್ಮ ನಗಲು ನೋಡಿ, ನಗದೆ, ಮಗುವನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು. ಅಷ್ಟು ಸಣ್ಣಗೆ ಎಳೆದುಕೊಂಡದ್ದನ್ನು ಬೇರೆ ಯಾರಾದರೂ ಆಗಿದ್ದರೆ ಗಮನಿಸುತ್ತಿರಲಿಲ್ಲ. ಮಲ್ಕಾ ಬಟ್ಟೆಯ ತುಂಡನ್ನು ಹೊರಸಿನ ತುದಿಯಲ್ಲಿಟ್ಟು ಹೊರಗೆ ಬಂದಳು.

ಮೊದಲ ಗುಡುಗಿಗೆ ಅವಳು ಮನೆಯ ಹಿಂದಿನಿಂದ ಗುದ್ದಲಿ ತೆಗೆದುಕೊಂಡು ಬಂಡಿ ಜಾಡಿನ ಹತ್ತಿರ, ಬದುವಿನ ತುದಿಯಲ್ಲಿ ಇದ್ದಳು. ಅವಳಿಗೆ ಲೆಕ್ಕ ಸ್ಪಷ್ಟವಾಗಿತ್ತು. ಇಲ್ಲಿ ನೆಲದವರೆಗೂ ಕಡಿದರೆ ಬದು ತುಂಬುವ ಮೊದಲೇ ನೀರು ಜಾಡಿಗೆ ಇಳಿದು ಆಚೆ ಹೋಗುತ್ತದೆ. ಬಾಗಿದ ಕಡೆ ಮುಕ್ಕಾಲು ಗೇಣು ನೀರು ಮಾತ್ರ ಉಳಿಯುತ್ತದೆ. ದುರ್ಬೀನಿನ ಹಿಂದೆ ನಿಂತವರಿಗಿಂತ ಕೋಲು ಹಿಡಿದವಳಿಗೆ ಈ ನೆಲ ಚೆನ್ನಾಗಿ ಗೊತ್ತಿತ್ತು. ಅರ್ಧ ಕಡಿದಿದ್ದಳು. ಹೊಸ ಮಣ್ಣು, ಗುದ್ದಲಿಗೆ ಹಿಟ್ಟಿನ ಹಾಗೆ ಬರುತ್ತಿತ್ತು. ಅದು ಅವಳನ್ನು ಇನ್ನೂ ಹೆದರಿಸಿತು. "ಏಯ್! ಏಯ್! ಏನೇ ಮಾಡ್ತಿದೀಯ!" ಎಂದು ಜಾಡಿನ ಕೆಳಗಿನಿಂದ ಲಕ್ಕಣ್ಣ ಓಡಿಬಂದ. ಬಂದವನೇ ಗುದ್ದಲಿ ಕಿತ್ತುಕೊಂಡ. ಅವನ ಕಣ್ಣು ಮಧ್ಯಾಹ್ನ ನಕ್ಕ ಕಣ್ಣಾಗಿರಲಿಲ್ಲ.

"ಸರ್ಕಾರದ ಬದು ಕಡೀತೀಯಾ? ಇವತ್ತು ಎಬ್ಬೆಟ್ಟಿನ ಮಸಿ ಒಣ್ಗಿಲ್ಲ ಇನ್ನೂವೆ! ಯಾರು ಏಳಿದ್ರು ನಿಂಗೆ? ನಿಮ್ಮಪ್ಪ ಏಳಿದ್ರಾ?"

"ಇಲ್ಲ ಮಾಮ. ಬದು ಸರಿಯಿಲ್ಲ. ಸಾಹೇಬ್ರ ತಪ್ಪಲ್ಲ. ಆ ಮೂರು ಗೂಟಕ್ಕೆ ಕೋಲು ನೆಲದ ಮೇಲೆ ಇರ್ಲಿಲ್ಲ. ನನ್ನ ಕಾಲ್ ಮೇಲಿತ್ತು."

ಲಕ್ಕಣ್ಣ ಅವಳ ಪಾದ ನೋಡಿದ. ಆಮೇಲೆ ಮುಖ ನೋಡಿದ. ಬೈಯಲು ಬಂದವನ ದನಿ ಇಳಿದು ಚಿಕ್ಕ ಮಕ್ಕಳ ಹತ್ತಿರ ಆಡುವ ದನಿಯಾಯಿತು. "ನಿನ್ ಕಾಲು ಎಷ್ಟು ದಪ್ಪ ಐತವ್ವ?"

"ಒಂದು ಕಡೆ ಹೆಂಟೆ ಮೇಲೆ ಕಾಲಿಟ್ಟಿದ್ದೆ. ಮುಕ್ಕಾಲು ಗೇಣು ಆಗತ್ತೆ."

"ಮುಕ್ಕಾಲು ಗೇಣಿಗೆ ಇಂಥಾ ಬದು ಒಡೀತದಾ? ಸಾಹೇಬ್ರು ಮಿಷಿನ್ನಲ್ಲಿ ನೋಡವ್ರೆ ಕಣವ್ವ. ಅದ್ರ ಮುಂದೆ ನಿನ್ ಕಾಲೇನು, ನನ್ ಕಾಲೇನು." ಅವನು ಗುದ್ದಲಿಯನ್ನು ನೆಲಕ್ಕೂರಿ, "ಆಯ್ತು, ಯಾಕಂಗ್ ಮಾಡ್ದೆ, ಅದನ್ನಾರ ಏಳು" ಎಂದ.

ಅದೊಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಅವನು ನಂಬುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಅಬ್ಬಾ ಅವತ್ತು ಗಿಡದ ಹತ್ತಿರ ನಕ್ಕ ನಗು ಆ ಉತ್ತರದ ಮುಂದೆ ಅಡ್ಡ ನಿಂತಿತು. ಸಾಬ್ರ ಹೊಲದಲ್ಲಿ ಗೋರಿ ಐತಂತೆ ಎಂದು ಸಂಜೆಯೊಳಗೆ ಹನ್ನೊಂದು ಮನೆಗೂ ಹೋಗುತ್ತದೆ. ಅಮ್ಮನ ಮುಖದಿಂದ ಆ ಬೆವರು ಆರಿಹೋಗುತ್ತದೆ. ಬೇರೆ ಯಾವುದಾದರೂ ಕಾರಣ ಹುಡುಕಿದಳು. ಕಾಲಿಗೆ ಇರುವೆ ಹತ್ತಿತ್ತು ಎನ್ನಲೇ? ಆಟಕ್ಕೆ ಮಾಡಿದೆ ಎನ್ನಲೇ? ನೆಲ ನೋಡಿದಳು. ಲಕ್ಕಣ್ಣ ತಲೆಯಲ್ಲಾಡಿಸಿದ. "ಮನೇಗೋಗು. ನಿಮ್ಮಪ್ಪಂಗೆ ಏಳಕಿಲ್ಲ, ಓಗು" ಎಂದು, ಅವಳು ಕಡಿದ ಮಣ್ಣನ್ನೆಲ್ಲ ಎಳೆದು ವಾಪಸ್ಸು ತುಂಬಿ, ಅದರ ಮೇಲೆ ಹತ್ತಿ ಎರಡೂ ಕಾಲಲ್ಲಿ ತುಳಿದು ತುಳಿದು ಗಟ್ಟಿಮಾಡಿದ. ಅವನ ಬೆನ್ನಿನ ಮೇಲೆ ದಪ್ಪ ಹನಿಗಳು ಬೀಳತೊಡಗಿದವು.

ಆಮೇಲೆ ನಡೆದದ್ದನ್ನು ತಾನು ಯೋಚಿಸಿ ಮಾಡಿದೆನೋ ಇಲ್ಲವೋ ಅವಳಿಗೆ ಹೇಳಲಾಗದು. ಗುಡಿಸಲಿನವರೆಗೆ ಓಡಿದ್ದು ನೆನಪಿದೆ. ಗೌರಮ್ಮ ಹೊರಗೆ ಒದ್ದೆಯಾಗುತ್ತಿದ್ದ ಸೌದೆಯನ್ನು ಬಾಚಿಕೊಳ್ಳುತ್ತಿದ್ದಳು, ಸಿದ್ದಗಂಗಮ್ಮ ಮೂಲೆಗೆ ತಿರುಗಿ ಎಣ್ಣೆಯ ಬಟ್ಟಲು ಮುಚ್ಚುತ್ತಿದ್ದಳು. ಮಲ್ಕಾ ಒಳಗೆ ಬಗ್ಗಿ, ಮಗುವನ್ನು ಅದರ ಬಟ್ಟೆ ಸಮೇತ ಎತ್ತಿ ಎದೆಗೆ ಅವುಚಿಕೊಂಡು ಹೊರಟಳು. ಎಷ್ಟು ಬೆಚ್ಚಗಿತ್ತೆಂದರೆ ಅವಳಿಗೆ ಗಾಬರಿಯಾಯಿತು. ಆ ಗಾತ್ರದ್ದು ಬೆಚ್ಚಗಿರುತ್ತದೆ ಎಂದು ಅವಳ ಕೈಗೆ ತಿಳಿದಿರಲಿಲ್ಲ. ಹಿಂದಿನಿಂದ ಕಿರುಚಾಟ ಎದ್ದಿತು. ಅವಳು ಬದು ಹತ್ತಿ, ಆ ಕಡೆ ಆಗಲೇ ಮೀನಖಂಡದವರೆಗೆ ನಿಂತಿದ್ದ ಕೆಂಪು ನೀರಿಗೆ ಇಳಿದು, ಬಿದ್ದು, ಮಗುವನ್ನು ಮೇಲೆತ್ತಿ ಹಿಡಿದು ಎದ್ದು, ಇಳಿಜಾರು ಹತ್ತಿದಳು. ತಿರುಗಿ ನೋಡಿದಾಗ ಸಿದ್ದಗಂಗಮ್ಮ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಹೋಗಿ ಬರಿಗಾಲಲ್ಲಿ ಓಡಿಬರುತ್ತಿದ್ದಳು, ಅವಳ ಹಿಂದೆ ಗೌರಮ್ಮ, ಇನ್ನೂ ಹಿಂದೆ ಗುದ್ದಲಿ ಹಿಡಿದ ಲಕ್ಕಣ್ಣ. ಬನ್ನಿ, ಎಂದುಕೊಂಡಳು ಮಲ್ಕಾ. ಬನ್ನಿ, ಬನ್ನಿ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಮಳೆಯಲ್ಲಿ ಬಟ್ಟೆಯ ಗಂಟು ಎದೆಗವುಚಿಕೊಂಡು ಹೊಲದಿಂದ ಮೇಲೆ ಬರುತ್ತಿದ್ದ ಮಗಳನ್ನು ನೋಡಿ ಅವಳ ಕೈ ಚೌಕಟ್ಟನ್ನು ಹಿಡಿಯಿತು. "ಕಿಸ್ಕಾ ಗೇ?" ಎಂದಳು, ಯಾರದೇ ಇದು ಎಂದು, ಉಸಿರಲ್ಲೇ. ಮಗು ಅಷ್ಟರಲ್ಲಿ ಚೀರಿತು. ಅಮ್ಮ ಆ ಸದ್ದಿಗೆ ಹಿಂದಕ್ಕೆ ಸರಿದಳು. ಸಿದ್ದಗಂಗಮ್ಮ ಬಂದು ಮಗುವನ್ನು ಕಿತ್ತುಕೊಂಡಳು, ಇನ್ನೊಂದು ಕೈಯಲ್ಲಿ ಮಲ್ಕಾಳ ಕೆನ್ನೆಗೆ ಹೊಡೆದಳು. ಗೌರಮ್ಮ ಮಣ್ಣು ತೂರಿ ಶಾಪ ಹಾಕಿದಳು. ಅಬ್ಬಾ ಒಳಗಿನಿಂದ ಬಂದು ಏನಾಯ್ತು, ಏನಾಯ್ತು ಎಂದು ಎಲ್ಲರ ಮುಖ ನೋಡುತ್ತಿದ್ದ. "ನಿಮ್ ಮಗಳಿಗೆ ತಲೆ ಕೆಟ್ಟೈತೆ ಸಾಬ್ರೆ" ಎಂದ ಲಕ್ಕಣ್ಣ, ಏದುತ್ತಾ. "ಬದು ಒಡೀತದಂತೆ. ನೋಡಿ, ಎಲ್ಲಿ ಒಡ್ದೈತೆ? ನೋಡೇ ನೀನೂವೆ!"

ಅವಳು ನೋಡಿದಳು. ಬದು ನಿಂತಿತ್ತು. ಅದರ ಮೇಲ್ಗಡೆ ಉದ್ದಕ್ಕೂ ಕೆಂಪು ನೀರು ಹಾಸಿದ ಹಾಗೆ ಮಲಗಿತ್ತು. ಬಾಗಿದ ಕಡೆ ಮಾತ್ರ ಅಂಚಿಗೆ ನಾಲ್ಕು ಬೆರಳು ಬಾಕಿ. ಅಲ್ಲಿ ಕಸಕಡ್ಡಿ, ಒಣ ಎಲೆ, ನೊರೆ ಎಲ್ಲಾ ಬಂದು ನಿಧಾನವಾಗಿ ಸುತ್ತುತ್ತಿದ್ದವು. ಒಡಿ, ಎಂದಳು ಅವಳು ಒಳಗೊಳಗೇ. ಈಗಲೇ ಒಡಿ. ಇಷ್ಟು ಜೋರಾಗಿ ಅವಳು ಯಾವತ್ತೂ ಏನನ್ನೂ ಬೇಡಿದವಳಲ್ಲ. ಬೇಡುತ್ತಿರುವುದು ಏನು ಎಂದು ತಿಳಿದಾಗ ತನ್ನ ಬಗ್ಗೆಯೇ ಅಸಹ್ಯವಾಯಿತು, ಆದರೂ ಬೇಡಿದಳು. ಬದು ಒಡೆಯಲಿಲ್ಲ. ಮಳೆ ಒಂದು ನಿಮಿಷ ಕಡಿಮೆಯಾದ ಹಾಗಾಯಿತು. "ನಡೀರಿ, ನಡೀರಿ. ಒಲೆ ಆರೋಗ್ತದೆ, ಕೂಸು ನೆಂದೋಗೈತೆ" ಎಂದು ಗೌರಮ್ಮ ಮಗಳ ಭುಜದ ಮೇಲೆ ಸೆರಗು ಹೊದಿಸಿ ಕೆಳಗೆ ಹೊರಟಳು. ಮೂರು ಹೆಜ್ಜೆ ಇಳಿದೂ ಆಯಿತು.

"ಮಾಮ" ಎಂದಳು ಮಲ್ಕಾ. "ಯಾಕೆ ಅಂತ ಕೇಳಿದ್ರಲ್ಲ."

ಅಮ್ಮ ಬಾಗಿಲಲ್ಲಿ ಬೇಡ ಎನ್ನುವ ಹಾಗೆ ತಲೆಯಾಡಿಸಿದಳು. ಮಲ್ಕಾ ಅದನ್ನು ನೋಡಿದಳು.

"ಸೀತಾಫಲದ ಗಿಡದ ಕೆಳಗೆ ನಮ್ಮ ಮಕ್ಕಳಿದಾರೆ" ಎಂದಳು. "ಮೂರು. ಗುಂಡಿ ತೋಡಿದ್ರೆ ಮೇಲೆ ಬರ್ತಿದ್ರು. ಅದಕ್ಕೇ ಕೋಲು ಕಾಲ್ ಮೇಲೆ ಇಟ್ಕೊಂಡೆ."

ಲಕ್ಕಣ್ಣ ಅಬ್ಬಾನ ಕಡೆ ನೋಡಿದ. ಅಬ್ಬಾ ಇಲ್ಲ ಅನ್ನಲಿಲ್ಲ. ಹನ್ನೆರಡು ವರ್ಷ ಕೆಳಗಿನ ಹೊಲದಲ್ಲಿ ಉಳುತ್ತಾ ನೋಡಿದ್ದೆಲ್ಲ ಲಕ್ಕಣ್ಣನ ಮುಖದಲ್ಲಿ ಒಂದೊಂದಾಗಿ ಬಂದು ಹೋಗುವುದನ್ನು ಮಲ್ಕಾ ನೋಡುತ್ತಾ ನಿಂತಳು. ಕೊನೆಗೆ ಅವನ ಕಣ್ಣು ಬದುವಿನ ಬಾಗಿದ ಕಡೆಗೆ, ಅಲ್ಲಿಂದ ಅವಳ ಪಾದಕ್ಕೆ ಬಂದು ನಿಂತಿತು. ಈ ಸಲ ಅವನು ನಗಲಿಲ್ಲ.

"ಗೌರಾ" ಎಂದು ಕೂಗಿದ. "ಇಳೀಬೇಡಿ. ಮೇಲ್ ಬನ್ನಿ."

ಅವರು ಬಂದು ಜಗುಲಿಯ ಒಂದು ತುದಿಯಲ್ಲಿ ನಿಂತರು. ಅಮ್ಮ ಇನ್ನೊಂದು ತುದಿಯಲ್ಲಿ. ಯಾರೂ ಕೂರಲಿಲ್ಲ, ಯಾರೂ ಕೂರಿ ಎನ್ನಲಿಲ್ಲ. ಮಳೆ ಮತ್ತೆ ಜೋರಾಯಿತು. ಗೌರಮ್ಮ, ಕೆಳಗೆ ನೋಡುತ್ತಲೇ, "ಗಂಡಾ ಎಣ್ಣಾ?" ಎಂದಳು. ಅಬ್ಬಾ ಮುಖ ತಿರುಗಿಸಿದ. "ಎರಡು ಗಂಡು" ಎಂದಳು ಅಮ್ಮ, ತನ್ನ ಒರಟು ಕನ್ನಡದಲ್ಲಿ. "ಒಂದು ಹೆಣ್ಣು." ಮಲ್ಕಾಳಿಗೂ ಅದು ಗೊತ್ತಿರಲಿಲ್ಲ.

ಲಕ್ಕಣ್ಣ ಗುದ್ದಲಿಯನ್ನು ಗೋಡೆಗೆ ಒರಗಿಸಿ, "ಇದನ್ನ ನಾನು ಒಟ್ಟೇಲಿಟ್ಕಳಕ್ಕಾಗಾಕಿಲ್ಲ ಸಾಬ್ರೆ. ನಾಳೆ ಅನ್ನೊಂದು ಜನಕ್ಕೂ ಏಳ್ಬೇಕಾಯ್ತದೆ. ಸಾಹೇಬ್ರಿಗೂವೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದಿದ್ದದ್ದೇ ಹೆದರಿಕೆಯಾಗುವಂತಿತ್ತು. ಅಬ್ಬಾ ಸರಿ ಎನ್ನುವ ಹಾಗೆ ತಲೆಯಾಡಿಸಿದ. ಕೆಳಗೆ ಹುಣಸೆ ಮರದಡಿ ಗುಡಿಸಲಿನ ಹೊಗೆ ಆಗಲೇ ನಿಂತಿತ್ತು, ಬಾಗಿಲು ತೆರೆದೇ ಇತ್ತು. ಬದುವಿನ ಅಂಚಿಗೆ ಈಗ ಎರಡು ಬೆರಳು. ಆರು ಜನವೂ ಅತ್ತ ಕಡೆಯೇ ನೋಡುತ್ತಾ, ಕಾಯುತ್ತಾ ನಿಂತರು.